ಕುಡಿಯದ ಅಪ್ಪನಿಗೆ ಲಿವರ್ ಕ್ಯಾನ್ಸರ್, ಈಗ ನನಗೆ ಹೆಪಟೈಟಿಸ್ ಬಿ

ಪ್ರಶ್ನೆ: ಡಾಕ್ಟ್ರೇ, ನನಗೆ 34 ವರ್ಷ. ರಕ್ತದಾನ ಮಾಡಿದ ಮೇಲೆ ಬ್ಲಡ್ ಬ್ಯಾಂಕಿನವರು ಫೋನ್ ಮಾಡಿ ‘ಬಿ ಪಾಸಿಟಿವ್’ ಅಂದರು. ಬ್ಲಡ್ ಗ್ರೂಪ್ ಹೇಳುತ್ತಿದ್ದಾರೆ ಅಂದುಕೊಂಡೆ! ಅದು ಹೆಪಟೈಟಿಸ್ ಬಿ ಅಂತೆ. ನನಗೆ ಯಾವತ್ತೂ ಕಾಮಾಲೆ ಆಗಿಲ್ಲ. ಅಪ್ಪ ಹೋಗಿದ್ದು ಲಿವರ್ ಕ್ಯಾನ್ಸರಿನಿಂದ. ಒಂದು ತೊಟ್ಟು ಕುಡಿದವರಲ್ಲ, ಆದರೂ ಊರವರು ‘ಗುಟ್ಟಾಗಿ ಕುಡೀತಿದ್ರೇನೋ’ ಎಂದು ಆಡಿಕೊಂಡರು. ಇದಕ್ಕೂ ಅದಕ್ಕೂ ಸಂಬಂಧ ಇದೆಯಾ? ಹೆಂಡತಿ ಐದು ತಿಂಗಳ ಬಸುರಿ.

ಡಾಕ್ಟರ್: ಸಂಬಂಧ ಇರಬಹುದು. ಅಪ್ಪನ ಹಳೆಯ ರಿಪೋರ್ಟ್ ಇದ್ದರೆ ಹುಡುಕಿ. ಕುಡಿಯದವರಿಗೂ ಲಿವರ್ ಕ್ಯಾನ್ಸರ್ ತರುವ ದೊಡ್ಡ ಕಾರಣಗಳಲ್ಲಿ ಈ ವೈರಸ್ ಒಂದು. ಊರವರ ಮಾತು ಬಿಡಿ.

ಹುಟ್ಟುವಾಗ ಅಥವಾ ಎಳೆ ಮಗುವಾಗಿದ್ದಾಗ ಇದು ತಗುಲಿದರೆ ನೂರರಲ್ಲಿ ಸುಮಾರು 90 ಮಂದಿಯಲ್ಲಿ ಉಳಿದೇಬಿಡುತ್ತದೆ. ದೊಡ್ಡವರಾದ ಮೇಲೆ ತಗುಲಿದರೆ ಹೆಚ್ಚಿನವರಲ್ಲಿ ತಾನಾಗಿಯೇ ಹೋಗುತ್ತದೆ. ಉಳಿದುಕೊಂಡಿದ್ದು ವರ್ಷಗಟ್ಟಲೆ ಸದ್ದಿಲ್ಲದೆ ಲಿವರನ್ನು ಕೆಣಕುತ್ತದೆ. ಗಾಯ, ಮಾಯುವುದು, ಮತ್ತೆ ಗಾಯ. ಕೊನೆಗೆ ಲಿವರ್ ಗಟ್ಟಿಯಾಗುತ್ತದೆ, ಅದೇ ಸಿರೋಸಿಸ್. ಕ್ಯಾನ್ಸರ್ ಹೆಚ್ಚಾಗಿ ಅಲ್ಲೇ ಹುಟ್ಟುವುದು. ಆದರೆ ಬಿ ವೈರಸ್ಸಿಗೆ ಇನ್ನೊಂದು ಕೆಟ್ಟ ಬುದ್ಧಿ ಇದೆ. ತನ್ನ ಡಿಎನ್ಎಯನ್ನು ನಮ್ಮ ಜೀವಕೋಶದ ಡಿಎನ್ಎಯೊಳಗೇ ಸೇರಿಸಿಬಿಡುತ್ತದೆ. ಹಾಗಾಗಿ ಸಿರೋಸಿಸ್ ಇಲ್ಲದವರಿಗೂ ಕ್ಯಾನ್ಸರ್ ಬರಬಹುದು.

ವೈರಸ್ ಇರುವ ಎಲ್ಲರಿಗೂ ಕ್ಯಾನ್ಸರ್ ಬರುವುದಿಲ್ಲ, ಗಾಬರಿ ಬೇಡ. ಎಚ್‌ಬಿವಿ ಡಿಎನ್ಎ (ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ), ಎಸ್‌ಜಿಪಿಟಿ (ಲಿವರಿಗೆ ಪೆಟ್ಟಾಗುತ್ತಿದೆಯಾ ಅಂತ), ಫೈಬ್ರೋಸ್ಕ್ಯಾನ್ (ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ) ಮಾಡಿಸಿ. ಮನೆಯಲ್ಲಿ ಲಿವರ್ ಕ್ಯಾನ್ಸರ್ ಆಗಿರುವುದರಿಂದ ಆರು ತಿಂಗಳಿಗೊಮ್ಮೆ ಹೊಟ್ಟೆಯ ಅಲ್ಟ್ರಾಸೌಂಡ್ ತಪ್ಪಿಸಬೇಡಿ. ಮಾತ್ರೆ ಬೇಕಾದರೆ ಟೆನೊಫೊವಿರ್ ಅಥವಾ ಎಂಟೆಕಾವಿರ್ ಕೊಡುತ್ತಾರೆ. ವೈರಸ್ ಪೂರ್ತಿ ಹೋಗದಿದ್ದರೂ ಅಪಾಯ ತುಂಬಾ ತಗ್ಗುತ್ತದೆ. ‘ಚೆನ್ನಾಗಿದ್ದೀನಲ್ಲ’ ಅಂತ ನೀವೇ ಮಾತ್ರೆ ನಿಲ್ಲಿಸಿದರೆ ವೈರಸ್ ಮತ್ತೆ ಕೆರಳಬಹುದು.

ಅಮ್ಮ, ಒಡಹುಟ್ಟಿದವರು, ಹೆಂಡತಿ ಎಲ್ಲರೂ ಟೆಸ್ಟ್ ಮಾಡಿಸಲಿ. ನೆಗೆಟಿವ್ ಬಂದು, ದೇಹದಲ್ಲಿ ಇದರ ವಿರುದ್ಧ ರಕ್ಷಣೆಯೂ ಇಲ್ಲದಿದ್ದರೆ ಲಸಿಕೆ. ಮಗುವಿಗೆ ಹುಟ್ಟಿದ 24 ಗಂಟೆಯೊಳಗೆ ಲಸಿಕೆ ಬೀಳಲೇಬೇಕು. ತಾಯಿಯೂ ಪಾಸಿಟಿವ್ ಆದರೆ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್, ಅಂದರೆ ಸಿದ್ಧ ಪ್ರತಿಕಾಯಗಳ ಇಂಜೆಕ್ಷನ್. ತೈವಾನ್ 1984ರಲ್ಲಿ ಶಿಶುಗಳಿಗೆ ಈ ಲಸಿಕೆ ಶುರು ಮಾಡಿದ ಮೇಲೆ ಅಲ್ಲಿನ ಮಕ್ಕಳಲ್ಲಿ ಲಿವರ್ ಕ್ಯಾನ್ಸರೇ ಕಡಿಮೆಯಾಯಿತು.

ಇನ್ನೊಬ್ಬರು: ಚಿಕ್ಕಂದಿನಲ್ಲಿ ನನಗೆ ಜಾಂಡೀಸ್ ಆಗಿತ್ತು, ನಾಟಿ ಔಷಧಿಯಲ್ಲಿ ವಾಸಿಯಾಯಿತು. ನನಗೂ ಅಪಾಯವಾ? ನಮ್ಮತ್ತೆಗೆ ಹೆಪಟೈಟಿಸ್ ಸಿ ಇದೆ.

ಡಾಕ್ಟರ್: ಕೆಟ್ಟ ನೀರು, ಊಟದಿಂದ ಬಂದು ಜಾಂಡೀಸ್ ತರುವ ಹೆಪಟೈಟಿಸ್ ಎ ಮತ್ತು ಇ ಸಾಮಾನ್ಯವಾಗಿ ತಾನೇ ವಾಸಿಯಾಗುತ್ತವೆ, ಔಷಧಿಗೆ ಸುಮ್ನೆ ಹೆಸರು! ಆದರೂ ಬಿ, ಸಿ ಒಮ್ಮೆ ನೋಡಿಸಿ. ಸಿ ಹೆಚ್ಚಿನವರಿಗೆ 12 ವಾರದ ಮಾತ್ರೆಯಲ್ಲಿ ಪೂರ್ತಿ ವಾಸಿ. 2018ರಲ್ಲಿ ಶುರುವಾದ ಕೇಂದ್ರದ ಹೆಪಟೈಟಿಸ್ ಕಾರ್ಯಕ್ರಮದಲ್ಲಿ ಚಿಕಿತ್ಸೆ ಉಚಿತ. ಅತ್ತೆಗೆ ಈಗಾಗಲೇ ಸಿರೋಸಿಸ್ ಇದ್ದರೆ ವೈರಸ್ ಹೋದ ಮೇಲೂ ಸ್ಕ್ಯಾನ್ ಮುಂದುವರಿಸಿ.

ಮೊದಲು ಕೇಳಿದವರು: ಥ್ಯಾಂಕ್ಸ್ ಸರ್. ಅಮ್ಮ ನನ್ನ ತಟ್ಟೆ, ಲೋಟ ಬೇರೆ ಇಟ್ಟಿದ್ದಾರೆ.

ಡಾಕ್ಟರ್: ತಟ್ಟೆ ವಾಪಸ್ ಇಡಲು ಹೇಳಿ, ಊಟದಲ್ಲಿ ಇದು ಹರಡಲ್ಲ. ಬೇರೆ ಇಡಬೇಕಾದ್ದು ರೇಜರ್, ಬ್ರಷ್, ನೇಲ್ ಕಟರ್.