ಮನೆಗೆಲಸದ ಹೆಂಗಸರು ಸೇರಿ ಸಂಘಟನೆ ಮಾಡಿದವರು ಯಾರಾದರೂ ಇದ್ದೀರಾ? ಅನುಭವ ಹೇಳಿ

ವಾರ್ಜೆ, ಪುಣೆ (ಕೇಳಿದವರು):
ನಮ್ಮ ವಸ್ತಿಯಲ್ಲಿ ಯಾದಗಿರಿ, ವಿಜಯಪುರ ಕಡೆಯವರೇ ಜಾಸ್ತಿ. ಗಂಡಸರು ನಾಕಾದಲ್ಲಿ ನಿಂತು ಕಟ್ಟಡ ಕೆಲಸಕ್ಕೆ ಹೋಗುತ್ತಾರೆ, ಹೆಂಗಸರು ಸೊಸೈಟಿಗಳಲ್ಲಿ, ಅಂದರೆ ಅಪಾರ್ಟ್‌ಮೆಂಟ್‌ಗಳಲ್ಲಿ, ಭಾಂಡೆ (ಪಾತ್ರೆ), ಬಟ್ಟೆ, ಕಸ-ಫರಶಿ (ಕಸ ಗುಡಿಸಿ ನೆಲ ಒರೆಸೋದು) ಮಾಡುತ್ತಾರೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಗಿ ಗೇಟು ಮುಚ್ಚಿತಲ್ಲ, ಆಗ ಕಳೆದುಕೊಂಡ ಮನೆಗಳು ಕೆಲವರಿಗೆ ತಿರುಗಿ ಸಿಗಲೇ ಇಲ್ಲ. ಸಿಕ್ಕವರಿಗೂ ಪಗಾರ ಕಡಿಮೆ. ಆಗ ತಗೊಂಡ ಫೈನಾನ್ಸ್ ಸಾಲ ತೀರಿಸೋಕೆ ಇನ್ನೊಂದು ಸಾಲ, ಹೀಗೇ ನಡೆದಿದೆ. ಎಲ್ಲರೂ ಸೇರಿ ಏನಾದರೂ ಮಾಡೋಣ ಅಂತ ಮಾತು ಬಂದಿದೆ. ಮರಾಠಿ ಮಾತಾಡೋಕೆ ಬರುತ್ತೆ, ಓದೋಕೆ ಬರೆಯೋಕೆ ಬರಲ್ಲ. ಎಲ್ಲಿಂದ ಶುರು ಮಾಡಬೇಕು?

ಯರವಡಾ, ಪುಣೆ:
ಅಕ್ಕಾ, ಪಗಾರದಿಂದ ಶುರು ಮಾಡಬೇಡಿ. ಪಗಾರ ಅಂದ ಕೂಡಲೇ ಅರ್ಧ ಜನ ಹಿಂದೆ ಸರಿಯುತ್ತಾರೆ, ಇರೋ ಮನೆಯೂ ಹೋದರೆ ಅಂತ ಭಯ. ನಮ್ಮನ್ನು ಒಟ್ಟು ಮಾಡಿದ್ದು ಲಿಫ್ಟು. ಲಾಕ್‌ಡೌನ್ ಸಡಿಲ ಆದಮೇಲೆ ಸೊಸೈಟಿಯವರು ಒಳಗೆ ಬಿಟ್ಟರು, ಆದರೆ ವಾಚ್‌ಮನ್ ಹಣೆಗೆ ಆ ಗನ್ ಹಿಡಿದು ಜ್ವರ ನೋಡಿ, ಕೈಗೆ ಸ್ಯಾನಿಟೈಸರ್ ಹಾಕಿ, ಆಮೇಲೆ ಮೆಟ್ಟಿಲು ತೋರಿಸುತ್ತಿದ್ದ. ಕೆಲಸದವರು ಲಿಫ್ಟ್ ಹತ್ತಬಾರದು ಅಂತ ಬೋರ್ಡು. ಏಳನೇ ಮಹಡಿಗೆ ಹತ್ತಿ, ಇಳಿದು, ಪಕ್ಕದ ವಿಂಗ್‌ನಲ್ಲಿ ಮತ್ತೆ ಹತ್ತಬೇಕು. ಮೊಣಕಾಲು ನೋವಿನವರು ಇದ್ದರು, ಬಸುರಿ ಒಬ್ಬಳಿದ್ದಳು. ಅದೇ ಲಿಫ್ಟಲ್ಲಿ ಪಾರ್ಸೆಲ್ ಹುಡುಗರು ಹೋಗಿ ಬರುತ್ತಿದ್ದರು, ಸ್ವಾಮಿ! ಒಂದು ದಿನ ಎಲ್ಲರೂ ಗೇಟಲ್ಲೇ ನಿಂತೆವು. ಘೋಷಣೆ ಗೀಷಣೆ ಏನಿಲ್ಲ, ಸುಮ್ನೆ ನಿಂತೆವು. ಹತ್ತು ಗಂಟೆ ಆಗುವಷ್ಟರಲ್ಲಿ ಮೇಲಿಂದ ಫೋನ್ ಮೇಲೆ ಫೋನ್, ಯಾಕೆ ಬಂದಿಲ್ಲ ಅಂತ. ಸಂಜೆಗೆ ಬೋರ್ಡು ತೆಗೆದರು. ಅವತ್ತಿನಿಂದ ನಮ್ಮವರಿಗೆ ನಂಬಿಕೆ ಬಂತು.

ಆಮೇಲೆ ನೋಟ್‌ಬುಕ್. ಓದೋಕೆ ಬರೋ ಮಗಳನ್ನೋ ಸೊಸೆಯನ್ನೋ ಕೂರಿಸಿ ಬರೆಸಿ, ಕನ್ನಡದಲ್ಲೇ ಸಾಕು. ಯಾವ ಮನೆ, ಎಷ್ಟು ಜನ, ಏನೇನು ಕೆಲಸ, ಎಷ್ಟು ದುಡ್ಡು, ತಿಂಗಳಿಗೆ ಎಷ್ಟು ಖಾಡೆ (ರಜೆ) ಕೊಡುತ್ತಾರೆ, ದೀಪಾವಳಿಗೆ ಬೋನಸ್ ಇದೆಯಾ. ನಮ್ಮಲ್ಲಿ ಒಂದೇ ಬಿಲ್ಡಿಂಗ್‌ನಲ್ಲಿ, ಅಷ್ಟೇ ಭಾಂಡೆಗೆ, ಒಬ್ಬಳಿಗೆ 700, ಅವಳ ತಂಗಿಗೆ 1,200. ಅಕ್ಕತಂಗಿಯರಿಗೇ ಗೊತ್ತಿರಲಿಲ್ಲ! ರೇಟು ಎಲ್ಲರೂ ಕೂತು ಮಾತಾಡಿ, ಇಷ್ಟಕ್ಕಿಂತ ಕೆಳಗೆ ಹೊಸ ಮನೆ ಹಿಡಿಯೋದಿಲ್ಲ ಅಂತ ಮಾಡಿಕೊಂಡೆವು. ಹಳೇ ಮನೆಯಲ್ಲಿ ನಿಧಾನವಾಗಿ ಕೇಳಿದೆವು. ಎಲ್ಲರೂ ಕೊಡಲಿಲ್ಲ, ನಿಜ ಹೇಳಬೇಕಲ್ವಾ.

ಹಡಪ್ಸರ, ಪುಣೆ:
ಹೊಸ ಸಂಘ ನೋಂದಣಿ ಮಾಡಿಸೋ ಗೋಜಿಗೆ ಹೋಗಬೇಡಿ. ಪುಣೆಯಲ್ಲಿ ಮೋಲ್ಕರೀಣ್ (ಮನೆಗೆಲಸದ ಹೆಂಗಸರ) ಸಂಘಟನೆಗಳು ಹಳೆಯವು. 1980ರಲ್ಲೇ ಇಲ್ಲಿನ ಮನೆಗೆಲಸದ ಹೆಂಗಸರು ಮುಷ್ಕರ ಮಾಡಿದ್ದರು. ಕೆಲಸಕ್ಕೆ ಇಷ್ಟು ಅಂತ ರೇಟ್ ಕಾರ್ಡ್ ಮಾಡೋ ರೂಢಿಯೂ ಇಲ್ಲಿ ಇದೆ. ಅವರ ಜೊತೆ ಸೇರಿದರೆ ಮರಾಠಿ ಅರ್ಜಿಯ ಚಿಂತೆ ಅವರದು.

ಇನ್ನೊಂದು, ಮಂಡಳಿಯ ನೋಂದಣಿ. ಮನೆಗೆಲಸದವರಿಗೆ ಕಲ್ಯಾಣ ಮಂಡಳಿ ಬೇಕು ಅಂತ ಮಹಾರಾಷ್ಟ್ರದಲ್ಲಿ 2008ರಲ್ಲೇ ಕಾಯ್ದೆ ಆಗಿದೆ. 2021ರ ಏಪ್ರಿಲ್‌ನಲ್ಲಿ ಎರಡನೇ ಅಲೆಗೆ ಮತ್ತೆ ಎಲ್ಲ ಬಂದ್ ಆದಾಗ ಸರ್ಕಾರ 1,500 ರೂಪಾಯಿ ಘೋಷಿಸಿತು, ಆದರೆ ನೋಂದಣಿ ಆದವರಿಗೆ ಮಾತ್ರ. ನಮ್ಮ ಗಲ್ಲಿಯಲ್ಲಿ ವರ್ಷಗಟ್ಟಲೆ ಭಾಂಡೆ ತಿಕ್ಕಿದವರ ಹೆಸರು ಯಾವ ಪಟ್ಟಿಯಲ್ಲೂ ಇರಲಿಲ್ಲ. 18ರಿಂದ 60 ವರ್ಷದವರು ಮಾಡಿಸಬಹುದು. ಕಾರ್ಮಿಕ ಆಯುಕ್ತರ ಕಚೇರಿಗೆ ಒಬ್ಬೊಬ್ಬರೇ ಹೋದರೆ ನಾಳೆ ಬಾ ಅನ್ನುತ್ತಾರೆ, ಗುಂಪಾಗಿ ಹೋಗಿ. ಜೊತೆಗೆ ಇ-ಶ್ರಮ್ ಕಾರ್ಡ್, ಅದು ನಮ್ಮಂಥ ಅಸಂಘಟಿತ ಕೆಲಸಗಾರರಿಗೆ ಕೇಂದ್ರ ಸರ್ಕಾರದ ಕಾರ್ಡ್. ಅದನ್ನ ನಾವೇ ಮೊಬೈಲಲ್ಲಿ ಮಾಡಿಕೊಳ್ಳೋಕೆ ಆಧಾರ್‌ಗೆ ಜೋಡಿಸಿದ ನಂಬರ್ ಬೇಕು, ನಂಬರ್ ಬಹಳ ಜನರದ್ದು ಗಂಡನ ಹೆಸರಲ್ಲಿ ಇರುತ್ತೆ. ಅದನ್ನ ಮೊದಲು ಸರಿ ಮಾಡಿಸಿ.

ಧಾರಾವಿ, ಮುಂಬೈ:
ಸಾಲದ ಬಗ್ಗೆ ಯಾರೂ ಹೇಳಲಿಲ್ಲ. ನನ್ನ ಪ್ರಕಾರ ಅದೇ ದೊಡ್ಡದು. 2020ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಕಂತು ಮುಂದೆ ಹಾಕಬಹುದು ಅಂತ ರಿಸರ್ವ್ ಬ್ಯಾಂಕ್ ಹೇಳಿತ್ತು, ಆದರೆ ಬಡ್ಡಿ ನಿಲ್ಲಲಿಲ್ಲ. ಅದನ್ನ ನಮಗೆ ಯಾರು ಬಿಡಿಸಿ ಹೇಳಿದರು? ಗುಂಪು ಸಾಲದಲ್ಲಿ ಒಬ್ಬಳು ಕಟ್ಟದಿದ್ದರೆ ಉಳಿದವರು ಕಟ್ಟಬೇಕು, ಹಾಗಾಗಿ ವಸೂಲಿಯವನು ಬರೋ ಮುಂಚೆ ಪಕ್ಕದ ಮನೆಯವಳೇ ಬಾಗಿಲಿಗೆ ಬಂದು ಬೈಯುತ್ತಾಳೆ. ಗೆಳತಿಯರು ಮಾತು ಬಿಟ್ಟರು ನಮ್ಮಲ್ಲಿ. ಇಂಥಾ ಕಡೆ ಸಂಘಟನೆ ಹೇಗೆ ಆಗುತ್ತೆ ಹೇಳಿ. ಮೊದಲು ಆ ಜಗಳ ಬಗೆಹರಿಸಿ.

2022ರ ಏಪ್ರಿಲ್‌ನಿಂದ ನಿಯಮ ಇದೆ. ಮನೆಯ ತಿಂಗಳ ಆದಾಯದ ಅರ್ಧಕ್ಕಿಂತ ಜಾಸ್ತಿ ಎಲ್ಲ ಕಂತು ಸೇರಿ ಹೋಗುವ ಹಾಗೆ ಮೈಕ್ರೋಫೈನಾನ್ಸ್‌ನವರು ಸಾಲ ಕೊಡಬಾರದು. ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ವಸೂಲಿಗೆ ಬರಬಾರದು, ಬೈಯಬಾರದು. ರಾತ್ರಿ ಎಂಟಕ್ಕೆ ಬಂದು ಹೊಸ್ತಿಲಲ್ಲಿ ಕೂತವನಿಗೆ ನಮ್ಮ ಗಲ್ಲಿಯ ಹೆಂಗಸರು ಇದನ್ನ ಮುಖದ ಮೇಲೆ ಹೇಳಿದರು, ಎದ್ದು ಹೋದ. ಸಾಲ ಹೋಗಲಿಲ್ಲ, ಅವನು ಹೋದ.

ವಾಸ್ಕೋ, ಗೋವಾ:
ಬೈನಾ ಕಡೆ ನಮ್ಮ ಕಥೆ ಬೇರೆ. ಲಾಕ್‌ಡೌನ್‌ನಲ್ಲಿ ಜನಧನ್ ಖಾತೆ ಇದ್ದ ಹೆಂಗಸರಿಗೆ ಮೂರು ತಿಂಗಳು 500 ರೂಪಾಯಿ ಬಂತಲ್ವಾ, ನಮ್ಮವರ ಪಾಸ್‌ಬುಕ್ ಊರಲ್ಲಿ. ರೇಷನ್ ಕಾರ್ಡೂ ಊರಲ್ಲಿ. ಈಗ ಊರ ಕಾರ್ಡಿಗೇ ಇಲ್ಲಿ ಹೆಬ್ಬೆಟ್ಟು ಒತ್ತಿ ಧಾನ್ಯ ತಗೋಬಹುದು, ಕರ್ನಾಟಕ, ಗೋವಾ, ಮಹಾರಾಷ್ಟ್ರ ಮೂರೂ ಆ ಯೋಜನೆಯಲ್ಲಿವೆ. ಅಂಗಡಿಯವನು ಇಲ್ಲ ಅಂದರೆ ಇಬ್ಬರು ಮೂವರು ಸೇರಿ ಹೋಗಿ ಕೇಳಿ.

ಕಲ್ಯಾಣ್:
ಬಚತ್ ಗಟ್ (ಉಳಿತಾಯ ಗುಂಪು) ಮಾಡಿ, ತಿಂಗಳಿಗೆ ನೂರು ರೂಪಾಯಿ ಹಾಕಿ. ಕಷ್ಟಕ್ಕೆ ಆಗುತ್ತೆ.

ಯರವಡಾ, ಪುಣೆ:
ಬಚತ್ ಗಟ್ ಬೇಡ ಅನ್ನಲ್ಲ. ಆದರೆ ದುಡ್ಡು ಬಂದ ಕೂಡಲೇ ಮೀಟಿಂಗ್ ಪೂರ್ತಿ ಲೆಕ್ಕದಲ್ಲೇ ಮುಗಿಯುತ್ತೆ. ಯಾರು ಕೊಟ್ಟರು, ಯಾರು ಕೊಡಲಿಲ್ಲ, ಅಷ್ಟೇ. ಭಿಶಿ (ಚೀಟಿ) ನಡೆಸೋರು ಬೇರೆ ನಡೆಸಲಿ, ಸಂಘಟನೆಯನ್ನ ಬೇರೆ ಇಡಿ.

ವಾರ್ಜೆ, ಪುಣೆ (ಕೇಳಿದವರು):
ಎಲ್ಲರಿಗೂ ಥ್ಯಾಂಕ್ಸ್. ನೋಟ್‌ಬುಕ್ ಇವತ್ತೇ ತರಿಸುತ್ತೇನೆ. ಭಾನುವಾರ ಸಂಜೆ ದೇವಸ್ಥಾನದ ಕಟ್ಟೆ ಮೇಲೆ ಕರೆಯೋಣ ಅಂತಿದ್ದೇನೆ.

ಯರವಡಾ, ಪುಣೆ:
ಭಾನುವಾರ ಬೇಡ ಅಕ್ಕಾ. ಭಾನುವಾರ ಎಲ್ಲರ ಮನೆಗೂ ನೆಂಟರು, ಭಾಂಡೆ ಜಾಸ್ತಿ, ಯಾರೂ ಬರಲ್ಲ. ವಾರದ ನಡುವೆ ಮಧ್ಯಾಹ್ನ ಮೂರಕ್ಕೆ ಕರೆಯಿರಿ. ಬೆಳಗಿನ ಮನೆ ಮುಗಿದಿರುತ್ತೆ, ಸಂಜೆಯ ಮನೆ ಶುರು ಆಗಿರಲ್ಲ, ನೀರೂ ಬಂದಿರಲ್ಲ.