ಪುಣೆಯ ಮಳೆಗಾಲಕ್ಕೆ ಸೈಕಲ್ ಜಾಕೆಟ್: ಮೂರು ಸಾವಿರದೊಳಗೆ ಯಾವುದನ್ನು ಕೊಳ್ಳಬೇಕು?

ಪ್ರಶ್ನೆ (ಕರ್ವೆ ನಗರ, ಪುಣೆ):

ನಮಸ್ಕಾರ. ಗುಂಪಿನಲ್ಲಿ ಮಳೆ ಉಡುಪು ತಯಾರಿಸುವ ಕೆಲಸದಲ್ಲಿರುವ ಅಣ್ಣನವರಿಗೆ ಈ ಪ್ರಶ್ನೆ. ನಾನು ಶಿರಸಿಯವಳು, ಪುಣೆಗೆ ಬಂದು ಆರು ವರ್ಷವಾಯಿತು. ವಾರಕ್ಕೆ ಮೂರು ದಿನ ಕರ್ವೆ ನಗರದಿಂದ ಹಿಂಜವಡಿಯ ಕಚೇರಿಗೆ ಸೈಕಲ್ ತುಳಿಯುತ್ತೇನೆ. ಹೋಗಲು ಒಂದು ಗಂಟೆ, ಬರಲು ಒಂದು ಗಂಟೆ. ಭಾನುವಾರ ಗೆಳತಿಯರೊಡನೆ ಪುಣೆ ಬಳಿಯ ಸಿಂಹಗಡ ಕೋಟೆಯ ಏರನ್ನು ಸೈಕಲ್‌ನಲ್ಲೇ ಹತ್ತುವುದು ಅಭ್ಯಾಸ. ಜೂನ್ ಬಂದರೆ ಮಾತ್ರ ಸಂಕಟ ಶುರು.

ಮೊದಲು ಸ್ಕೂಟರ್‌ನವರು ಹಾಕುವ ದಪ್ಪ ರೇನ್‌ಕೋಟ್ ಹಾಕಿಕೊಂಡೆ. ಹೊರಗಿನ ನೀರು ಒಂದು ಹನಿಯೂ ಬರಲಿಲ್ಲ, ಆದರೆ ಕಚೇರಿ ತಲುಪುವಷ್ಟರಲ್ಲಿ ಬೆವರಿನಲ್ಲೇ ಸ್ನಾನವಾಗಿತ್ತು. ಆಮೇಲೆ ತೆಳುವಾದ ವಿಂಡ್‌ಚೀಟರ್ ಕೊಂಡೆ. ಅದು ಇಪ್ಪತ್ತು ನಿಮಿಷದ ಮಳೆಗೆ ತೋಯ್ದು ಮೈಗೆ ಅಂಟಿತು. ಅಂಗಡಿಯಲ್ಲಿ ಈಗ 5,000, 10,000, 20,000 ಎಂದು ಚೀಟಿ ಹಚ್ಚಿದ ಜಾಕೆಟ್‌ಗಳನ್ನು ತೋರಿಸುತ್ತಾರೆ, ಈ ಅಂಕಿಗಳು ಬೆಲೆಯಲ್ಲ. ಬೆಲೆ ಹನ್ನೆರಡು ಸಾವಿರದವರೆಗೂ ಹೋಗುತ್ತದೆ. ನನ್ನ ಕೈಗೆ ಎಟುಕುವುದು ಮೂರು ಸಾವಿರ. ನೀರೂ ಬರಬಾರದು, ಬೆವರೂ ನಿಲ್ಲಬಾರದು. ಅಂಥದ್ದು ಈ ಬೆಲೆಗೆ ಸಿಗುತ್ತದೆಯೇ?

ಉತ್ತರ (ಭೋಸರಿ, ಮಳೆ ಉಡುಪುಗಳ ಗುಣಮಟ್ಟ ಪರೀಕ್ಷೆಯಲ್ಲಿ 19 ವರ್ಷ):

ತಂಗೀ, ನಿಮ್ಮ ಎರಡೂ ಕೋಟುಗಳು ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡಿವೆ. ದಪ್ಪ ರೇನ್‌ಕೋಟ್ ಇರುವುದು ಕುಳಿತು ಗಾಡಿ ಓಡಿಸುವವರಿಗೆ, ಅದರೊಳಗೆ ದುಡಿಯುವವರಿಗಲ್ಲ. ವಿಂಡ್‌ಚೀಟರ್ ಹೆಸರೇ ಹೇಳುವಂತೆ ಗಾಳಿಗೆ. ನಮ್ಮ ಕಡೆ ಎಲ್ಲವನ್ನೂ ಜರ್ಕಿನ್ ಎಂದುಬಿಡುತ್ತೇವೆ, ಇಲ್ಲಿ ಎಲ್ಲವನ್ನೂ ವಿಂಡ್‌ಚೀಟರ್ ಎನ್ನುತ್ತಾರೆ. ಕೊಳ್ಳುವವರು ಮೋಸಹೋಗುವುದು ಈ ಹೆಸರಿನ ಗೊಂದಲದಲ್ಲೇ.

ಚೀಟಿಯ ಮೇಲಿನ ಅಂಕಿಗಳು ಎರಡು ಬಗೆಯವು. ಮಿಲಿಮೀಟರ್‌ನಲ್ಲಿ ಇರುವುದು ನೀರಿನ ತಡೆ. ಬಟ್ಟೆಯ ಒಂದು ಬದಿಗೆ ನೀರಿನ ಒತ್ತಡ ಕೊಡುತ್ತಾ ಹೋಗುತ್ತೇವೆ, ಇನ್ನೊಂದು ಬದಿಯಲ್ಲಿ ಮೂರನೆಯ ಹನಿ ಮೂಡಿದಾಗ ಅಂಕಿ ಬರೆದುಕೊಳ್ಳುತ್ತೇವೆ. 10,000 ಎಂದರೆ ಹತ್ತು ಮೀಟರ್ ಎತ್ತರದ ನೀರಿನ ಕಂಬ ಒತ್ತಿದರೂ ಬಟ್ಟೆ ತಡೆದುಕೊಂಡಿತು ಎಂದರ್ಥ. ಮಳೆಹನಿ ಅಷ್ಟು ಒತ್ತುವುದಿಲ್ಲ. ಒತ್ತುವುದು ಬೆನ್ನುಚೀಲದ ಪಟ್ಟಿ. ಒಂದು ಗಂಟೆಯ ಸವಾರಿಗೆ 5,000 ಸಾಕು. ಚೀಲ ಹೊರುವವರಿಗೆ 10,000 ಇದ್ದರೆ ನೆಮ್ಮದಿ. ಅದಕ್ಕಿಂತ ದೊಡ್ಡ ಅಂಕಿಗೆ ಹಣ ಸುರಿಯುವ ಅಗತ್ಯ ನಿಮಗಿಲ್ಲ.

ಗ್ರಾಂನಲ್ಲಿ ಇರುವುದು ಉಸಿರಾಟದ ಅಂಕಿ: ಒಂದು ಚದರ ಮೀಟರ್ ಬಟ್ಟೆಯ ಮೂಲಕ 24 ಗಂಟೆಯಲ್ಲಿ ಎಷ್ಟು ನೀರಾವಿ ದಾಟಿತು ಎಂಬ ಲೆಕ್ಕ. ಇಲ್ಲಿ ಸ್ವಲ್ಪ ತಾಳ್ಮೆಯಿಂದ ನನ್ನ ಜೊತೆ ಲೆಕ್ಕ ಹಾಕಿ. 10,000 ಗ್ರಾಂ ಅನ್ನು 24ರಿಂದ ಭಾಗಿಸಿದರೆ ಗಂಟೆಗೆ ಸುಮಾರು 400 ಗ್ರಾಂ. ನಿಮ್ಮ ಜಾಕೆಟ್‌ನ ಬಟ್ಟೆ ಒಂದು ಚದರ ಮೀಟರ್ ಆಸುಪಾಸು ಎಂದಿಟ್ಟುಕೊಳ್ಳಿ. ಏರು ಹತ್ತುವವರ ಮೈ ಗಂಟೆಗೆ ಅರ್ಧ ಲೀಟರ್‌ನಿಂದ ಒಂದು ಲೀಟರ್‌ವರೆಗೆ ಬೆವರುತ್ತದೆ. ಅಂದರೆ ಪ್ರಯೋಗಾಲಯದ ಅಂಕಿಯೇ ನಿಮ್ಮ ಬೆವರಿಗೆ ಸಾಲದು. ಪ್ರಯೋಗಾಲಯದ ಹವೆಯಾದರೂ ಪುಣೆಯ ಜುಲೈ ಹವೆಯಲ್ಲ.

ಮುಖ್ಯವಾದ ಸಂಗತಿ ಇದು. ಉಸಿರಾಡುವ ಬಟ್ಟೆ ಬೆವರನ್ನು ತಾನಾಗಿ ಹೊರಗೆ ತಳ್ಳುವುದಿಲ್ಲ. ಒಳಗಿನ ಗಾಳಿಯಲ್ಲಿ ನೀರಾವಿ ಹೆಚ್ಚಿದ್ದು ಹೊರಗಿನ ಗಾಳಿಯಲ್ಲಿ ಕಡಿಮೆಯಿದ್ದರೆ ಮಾತ್ರ ಅದು ಹೊರಕ್ಕೆ ಹರಿಯುತ್ತದೆ. 1969ರಲ್ಲಿ ಅಮೆರಿಕದ ಬಾಬ್ ಗೋರ್ ಟೆಫ್ಲಾನ್ ಜಾತಿಯ ಪ್ಲಾಸ್ಟಿಕ್ಕನ್ನು ಕಾಯಿಸಿ, ಒಮ್ಮೆಲೇ ಜಗ್ಗಿ, ಸೂಕ್ಷ್ಮ ರಂಧ್ರಗಳ ಪೊರೆ ಮಾಡುವುದನ್ನು ಕಂಡುಕೊಂಡರು. ಅಂಥ ಪೊರೆಯ ಜಾಕೆಟ್ ಚಳಿ ಸೀಮೆಯಲ್ಲಿ ಚೆನ್ನಾಗಿ ದುಡಿಯುತ್ತದೆ. ಅಲ್ಲಿ ಹೊರಗಿನ ಗಾಳಿ ತಣ್ಣಗೆ, ನೀರಾವಿ ಕಡಿಮೆ. ನಮ್ಮಲ್ಲಿ ಮಳೆಯ ಹೊತ್ತು 25 ಡಿಗ್ರಿ ಬಿಸಿ, ತೇವಾಂಶ ಶೇಕಡಾ 90ರ ಸಮೀಪ. ಒಳಗೂ ಹಬೆ, ಹೊರಗೂ ಹಬೆ. ಹನ್ನೆರಡು ಸಾವಿರದ ಜಾಕೆಟ್ ಕೂಡ ಇಲ್ಲಿ ತನ್ನ ಬೆಲೆಗೆ ತಕ್ಕಂತೆ ಉಸಿರಾಡಲಾರದು. ಆದ್ದರಿಂದ ಅಂಕಿಗೆ ಹಣ ಕೊಡಬೇಡಿ, ಗಾಳಿ ಓಡಾಡುವ ಕಿಂಡಿಗಳಿಗೆ ಕೊಡಿ.

ನಿಮ್ಮ ಶಿರಸಿಯಲ್ಲಿ ಗದ್ದೆ ನೆಟ್ಟಿಗೆ ಗೊರಬು, ಅಂದರೆ ತಲೆ ಬೆನ್ನು ಮುಚ್ಚುವ ಹೆಣೆದ ಮಳೆಹೊದಿಕೆ, ಹಾಕಿಕೊಳ್ಳುತ್ತಿದ್ದುದನ್ನು ಕಂಡಿರುತ್ತೀರಿ. ಬೆನ್ನು ಬಾಗಿಸಿ ದಿನವಿಡೀ ದುಡಿದರೂ ಅದರೊಳಗೆ ಸೆಕೆಯಾಗುವುದಿಲ್ಲ, ಏಕೆಂದರೆ ಮೇಲೆ ಸೂರು, ಕೆಳಗೆಲ್ಲ ಬಯಲು. ಸೈಕಲ್ ಜಾಕೆಟ್‌ನಲ್ಲಿ ನಾನು ಹುಡುಕುವುದು ಆ ಗುಣವನ್ನೇ. ಕಂಕುಳಿನ ಕೆಳಗೆ ಉದ್ದನೆಯ ಜಿಪ್ ಇರಬೇಕು. ಬೆನ್ನಿನ ಮೇಲ್ಭಾಗದಲ್ಲಿ ಮಡಿಕೆಯ ಅಡಿ ಜಾಲರಿಯ ಕಿಂಡಿ ಇರಬೇಕು. ಮುಂಗೈಯಲ್ಲಿ ಎಲಾಸ್ಟಿಕ್ ಬದಲು ವೆಲ್ಕ್ರೋ ಪಟ್ಟಿ ಇದ್ದರೆ ಏರಿನಲ್ಲಿ ಸಡಿಲಿಸಬಹುದು, ತೋಳಿನೊಳಗೆ ಗಾಳಿ ನುಗ್ಗುತ್ತದೆ. ಇವು ಮೂರೂ ಇದ್ದು ಉಸಿರಾಟದ ಅಂಕಿ 5,000 ಇದ್ದರೂ ನಾನು ಅದನ್ನೇ ಕೊಳ್ಳುವೆ.

ಇನ್ನು ಹೊಲಿಗೆ. ಸೂಜಿ ಹೋದಲ್ಲೆಲ್ಲ ತೂತು. ಜಾಕೆಟ್ಟನ್ನು ಒಳಮಗ್ಗುಲು ಮಾಡಿ ಪ್ರತಿ ಹೊಲಿಗೆಯ ಮೇಲೂ ಟೇಪ್ ಅಂಟಿಸಿದ್ದಾರೆಯೇ ನೋಡಿ. ಅಗ್ಗದ ಕೆಲವು ಮಾಲಿನಲ್ಲಿ ಭುಜಕ್ಕೆ ಮಾತ್ರ ಅಂಟಿಸಿ ಪಕ್ಕೆಗಳನ್ನು ಬಿಟ್ಟಿರುತ್ತಾರೆ. ಟೇಪ್ ಇಲ್ಲದ 20,000ಕ್ಕಿಂತ ಟೇಪ್ ಇರುವ 5,000 ಎಷ್ಟೋ ಮೇಲು. ತೋಳು ಉದ್ದವಾಯಿತೆಂದು ದರ್ಜಿಗೆ ಕೊಟ್ಟು ಮೊಟಕು ಮಾಡಿಸಲೂ ಬೇಡಿ, ಹೊಸ ತೂತುಗಳಾಗುತ್ತವೆ.

ಅಂಗಡಿಯಲ್ಲಿ ಕನ್ನಡಿಯ ಮುಂದೆ ನೆಟ್ಟಗೆ ನಿಂತು ನೋಡಿದರೆ ಪ್ರಯೋಜನವಿಲ್ಲ. ಹ್ಯಾಂಡಲ್ ಹಿಡಿದವರಂತೆ ಕೈ ಚಾಚಿ ಬಾಗಿ. ಸೊಂಟ ಬಯಲಾಗಬಾರದು, ಮಣಿಕಟ್ಟು ಮುಚ್ಚಿರಬೇಕು, ಹೊಟ್ಟೆಯ ಮೇಲೆ ಬಟ್ಟೆ ಗಂಟುಕಟ್ಟಬಾರದು. ಹಿಂಬದಿ ಉದ್ದ, ಮುಂಬದಿ ಗಿಡ್ಡ ಇರುವುದು ಸೈಕಲ್‌ಗೆ ಹೊಲಿದದ್ದು. ಜಾಕೆಟ್ಟಿಗೆ ಹೊಲಿದ ತಲೆಗವಸು (ಹುಡ್) ಬೇಡ, ಹಿಂದಿರುಗಿ ನೋಡುವಾಗ ಕಣ್ಣಿಗೆ ಅಡ್ಡ ಬರುತ್ತದೆ. ಹೆಲ್ಮೆಟ್ ಒಳಗೆ ಅಂಚಿರುವ ತೆಳು ಟೋಪಿ ಹಾಕಿದರೆ ಕಣ್ಣಿಗೆ ಇರಚಲು ಬಡಿಯುವುದಿಲ್ಲ. ಕಪ್ಪು ಬಣ್ಣ ದಯವಿಟ್ಟು ಬೇಡ. ಹಿಂಜವಡಿಯ ಸಂಜೆಯ ವಾಹನ ದಟ್ಟಣೆಯಲ್ಲಿ, ಮಳೆ ಹೊಡೆದ ಗಾಜಿನ ಹಿಂದೆ ಕುಳಿತ ಚಾಲಕನಿಗೆ ನೀವು ಕಾಣಿಸಬೇಕು. ಹಳದಿ ಅಥವಾ ಕಿತ್ತಳೆ ಹಗಲಿಗೆ. ಕತ್ತಲಾದ ಮೇಲೆ ಆ ಬಣ್ಣ ನೆರವಾಗದು, ಬೆಳಕು ಮರಳಿಸುವ ಪಟ್ಟಿ ಮತ್ತು ಹಿಂದಿನ ಕೆಂಪು ದೀಪ ಬೇಕೇ ಬೇಕು.

ಪ್ರಶ್ನೆ (ಡೊಂಬಿವಲಿ):

ಸರ್, ನನ್ನ ಬಳಿ 10,000 ಮಿಲಿಮೀಟರ್‌ನ ಜಾಕೆಟ್ ಇದೆ, ಎರಡು ಮಳೆಗಾಲ ಕಂಡಿದೆ. ಮೊದಲ ವರ್ಷ ಹನಿಗಳು ಕೆಸುವಿನೆಲೆಯ ಮೇಲಿನಂತೆ ಉರುಳಿ ಬೀಳುತ್ತಿದ್ದವು. ಈಗ ಹೊರಬಟ್ಟೆ ನೀರು ಕುಡಿದು ಭಾರವಾಗುತ್ತದೆ, ಒಳಗೂ ಒದ್ದೆ. ಪೊರೆ ಹರಿದಿದೆಯೇ? ಎಸೆಯಬೇಕೇ?

ಉತ್ತರ:

ಎಸೆಯಬೇಡಿ. ಹನಿ ಉರುಳುತ್ತಿದ್ದುದು ಪೊರೆಯಿಂದಲ್ಲ, ಹೊರಬಟ್ಟೆಗೆ ಹಚ್ಚಿದ ನೀರು ಒಲ್ಲದ ಲೇಪದಿಂದ. ಹೊಗೆ, ಧೂಳು, ಮೈಯೆಣ್ಣೆ, ಸೋಪಿನ ಶೇಷ ಕೂತರೆ ಅದು ಸೋಲುತ್ತದೆ. ಹೊರಬಟ್ಟೆ ನೀರು ಕುಡಿದರೆ ನೀರಾವಿಗೆ ಹೊರಬರುವ ದಾರಿ ಮುಚ್ಚುತ್ತದೆ, ನಿಮ್ಮ ಬೆವರೇ ಒಳಗೆ ಹನಿಯಾಗುತ್ತದೆ. ಜನ ಅದನ್ನು ಸೋರಿಕೆ ಎಂದು ತಿಳಿಯುತ್ತಾರೆ. ತಿಳಿಯಬೇಕಿದ್ದರೆ ಜಾಕೆಟ್‌ನ ಬೆನ್ನಿನ ಭಾಗವನ್ನು ಬೋಗುಣಿಯಂತೆ ಹಿಡಿದು ಒಂದು ಲೋಟ ನೀರು ಹೊಯ್ದು ಹತ್ತು ನಿಮಿಷ ಬಿಡಿ. ಅಡಿಯಲ್ಲಿ ಒಣಗಿದ್ದರೆ ಪೊರೆ ಗಟ್ಟಿಯಾಗಿದೆ.

ಉಗುರುಬೆಚ್ಚಗಿನ ನೀರಿನಲ್ಲಿ ದ್ರವ ಸೋಪು ಸ್ವಲ್ಪವೇ ಹಾಕಿ ತೊಳೆಯಿರಿ, ಎರಡು ಬಾರಿ ಜಾಲಿಸಿ. ಪರಿಮಳಕ್ಕೆಂದು ಕೊನೆಯಲ್ಲಿ ಹಾಕುವ ಮೆದುಕಾರಕವನ್ನು ಮುಟ್ಟಲೇಬೇಡಿ, ಅದು ಲೇಪದ ಶತ್ರು. ಪೂರ್ತಿ ಒಣಗಿದ ಮೇಲೆ, ಒಳಚೀಟಿಯಲ್ಲಿ ಇಸ್ತ್ರಿಗೆ ಅನುಮತಿ ಇದ್ದರೆ, ತೆಳು ಬಟ್ಟೆ ಹಾಸಿ ಅತಿ ಕಡಿಮೆ ಬಿಸಿಯಲ್ಲಿ ತೀಡಿ. ಲೇಪಕ್ಕೆ ಕಾವು ಸಿಕ್ಕರೆ ಮತ್ತೆ ಚಿಗುರಿಕೊಳ್ಳುತ್ತದೆ. ಆಗಲೂ ಹನಿ ಉರುಳದಿದ್ದರೆ ಸಿಂಪಡಿಸುವ ಲೇಪ ಸಿಗುತ್ತದೆ. ಹೊಸ ಜಾಕೆಟ್‌ಗಿಂತ ಅಗ್ಗ.

ಒಂದು ಎಚ್ಚರಿಕೆ, ವಿಶೇಷವಾಗಿ ಮುಂಬಯಿಯವರಿಗೆ. ಅಗ್ಗದ ಜಾಕೆಟ್‌ಗಳ ಒಳಗಿರುವುದು ಪಾಲಿಯುರೆಥೇನ್ ಲೇಪ. ಬಿಸಿ, ತೇವ ಎರಡೂ ಸೇರಿದರೆ ಅದು ವರ್ಷಗಳಲ್ಲಿ ಕೊಳೆತು ಅಂಟಂಟಾಗಿ ಹಪ್ಪಳದಂತೆ ಏಳುತ್ತದೆ. ಹಾಗಾದ ಮೇಲೆ ಯಾವ ಉಪಾಯವೂ ಇಲ್ಲ. ಒದ್ದೆ ಜಾಕೆಟ್ಟನ್ನು ಮಡಚಿ ಚೀಲದಲ್ಲಿಟ್ಟು ರಾತ್ರಿ ಕಳೆಯಬೇಡಿ. ಫ್ಯಾನಿನ ಕೆಳಗೆ ನೇತುಹಾಕಿ.

ಪ್ರಶ್ನೆ (ಕಾತ್ರಜ್, ವಿದ್ಯಾರ್ಥಿ):

ಅಣ್ಣಾ, ನನ್ನಲ್ಲಿ ಎಂಟು ನೂರು ರೂಪಾಯಿ ಮಾತ್ರ ಇದೆ. ಕಾಲೇಜಿಗೆ 6 ಕಿಲೋಮೀಟರ್.

ಉತ್ತರ:

ತಮ್ಮಾ, ಎಂಟು ನೂರಕ್ಕೆ ಒಳ್ಳೆಯ ಪೊರೆಯ ಜಾಕೆಟ್ ಸಿಗುವುದಿಲ್ಲ. ಸಿಗುತ್ತದೆಂದು ಹೇಳಿದವರನ್ನು ನಂಬಬೇಡ. ಮುಂದೆ ಹ್ಯಾಂಡಲ್ ಮೇಲೆ ಹರಡಿಕೊಳ್ಳುವ ಪೊಂಚೊ, ಅಂದರೆ ತಲೆಯಿಂದ ಇಳಿಬಿಡುವ ಸಡಿಲ ಮಳೆಹೊದಿಕೆ, ತೆಗೆದುಕೊ. ಅದು ಉಸಿರಾಡದ ಬಟ್ಟೆಯೇ, ಆದರೆ ಕೆಳಗಿನಿಂದ ಗಾಳಿ ಆಡುತ್ತದೆ, ಗೊರಬಿನಂತೆಯೇ. ಬೀಸುಗಾಳಿಯಲ್ಲಿ ಹಾಯಿಯಂತೆ ಉಬ್ಬುತ್ತದೆ, ಆದ್ದರಿಂದ ಸೊಂಟಕ್ಕೆ ಕಟ್ಟುವ ದಾರ ಇರುವುದನ್ನೇ ನೋಡು, ಅಂಚು ಚಕ್ರಕ್ಕೆ ಸಿಗದಂತೆ ಗಮನವಿಡು. ಉಳಿದ ಹಣದಲ್ಲಿ ಎರಡೂ ಚಕ್ರಕ್ಕೆ ಮಡ್‌ಗಾರ್ಡ್ ಹಾಕಿಸು. ರಸ್ತೆಯಿಂದ ಚಿಮ್ಮುವ ಕೆಸರುನೀರನ್ನು ತಡೆದರೆ ಅರ್ಧ ಮಳೆಯನ್ನೇ ತಡೆದಂತೆ.

ಮತ್ತೆ ಪ್ರಶ್ನೆ (ಕರ್ವೆ ನಗರ):

ಅಣ್ಣ, ನೀವು ಹೇಳಿದಂತೆ ಒಳಮಗ್ಗುಲು ಮಾಡಿ ನೋಡಿದೆ, ಬಾಗಿ ನೋಡಿದೆ. ಅಂಗಡಿಯ ಹುಡುಗ ವಿಚಿತ್ರವಾಗಿ ನೋಡಿದ, ಆದರೂ ಬಿಡಲಿಲ್ಲ. ಎರಡು ಉಳಿದಿವೆ. ಒಂದು 10,000 ಮಿಲಿಮೀಟರ್, 10,000 ಗ್ರಾಂ, ಎಲ್ಲ ಹೊಲಿಗೆಗೂ ಟೇಪ್, ಆದರೆ ಕಿಂಡಿಯೇ ಇಲ್ಲ. ಇನ್ನೊಂದು 5,000, 5,000, ಟೇಪ್ ಇದೆ, ಕಂಕುಳಲ್ಲಿ ಜಿಪ್, ಬೆನ್ನಿಗೆ ಜಾಲರಿ, ಹಿಂಬದಿ ಉದ್ದ. ಎರಡರ ಬೆಲೆಯೂ ಮೂರು ಸಾವಿರದೊಳಗೆ. ಆದರೆ ಎರಡನೆಯದರ ಒಳಭಾಗ ಬರಿಗೈಗೆ ತುಸು ಅಂಟಿದಂತಾಗುತ್ತದೆ. ಲ್ಯಾಪ್‌ಟಾಪ್ ಬೆನ್ನುಚೀಲದಲ್ಲಿರುತ್ತದೆ.

ಉತ್ತರ:

ಎರಡನೆಯದನ್ನು ತನ್ನಿ. ಅಂಟು ಅನ್ನಿಸುವುದು ಒಳಗೆ ಅಸ್ತರಿ ಇಲ್ಲದ್ದರಿಂದ, ಮೇಲೆ ಹೇಳಿದ ಕೊಳೆತ ಲೇಪದ ಅಂಟಲ್ಲ. ಅಡಿಯಲ್ಲಿ ಉದ್ದ ತೋಳಿನ ತೆಳು ಪಾಲಿಯೆಸ್ಟರ್ ಜೆರ್ಸಿ ಹಾಕಿದರೆ ತೊಂದರೆಯಿಲ್ಲ. ಹತ್ತಿಯ ಬಟ್ಟೆ ಮಾತ್ರ ಬೇಡ, ಅದು ಬೆವರು ಹಿಡಿದು ಕೂರುತ್ತದೆ. ಚೀಲವನ್ನು ಬೆನ್ನಿನಿಂದ ಇಳಿಸಿ. ಹಿಂದೆ ಕ್ಯಾರಿಯರ್ ಹಾಕಿಸಿ ಪಕ್ಕದಲ್ಲಿ ತೂಗುವ ಚೀಲ ಕಟ್ಟಿ, ಲ್ಯಾಪ್‌ಟಾಪ್‌ಗೆ ಒಳಗೊಂದು ಗಟ್ಟಿ ಪ್ಲಾಸ್ಟಿಕ್ ಹೊದಿಕೆ ಇರಲಿ. ಬೆನ್ನಿನ ಮೇಲೆ ಚೀಲವಿದ್ದರೆ ನೀವು ಹಣ ಕೊಟ್ಟು ಕೊಂಡ ಜಾಲರಿ ಮುಚ್ಚಿಹೋಗುತ್ತದೆ, ಪಟ್ಟಿ ತಿಕ್ಕಿ ಭುಜದ ಲೇಪ ಸವೆಯುತ್ತದೆ, 5,000ದ ಬಟ್ಟೆಯಲ್ಲಿ ಅಲ್ಲೇ ಮೊದಲು ನೀರು ಒಸರುತ್ತದೆ.

ಸಿಂಹಗಡದ ವಿಷಯ ಬೇರೆಯಾಗಿ ಹೇಳಬೇಕು. ಹನ್ನೊಂದು ವರ್ಷದ ಹಿಂದೆ ಆಗಸ್ಟ್‌ನಲ್ಲಿ ನಾನು ಬುಡದ ಡೋಣಜೆ ಹಳ್ಳಿಯಿಂದ ಮೇಲಿನವರೆಗೆ ಜಾಕೆಟ್ ಬಿಗಿದುಕೊಂಡೇ ಹತ್ತಿದೆ. ಒಳಗೆಲ್ಲ ಬೆವರು. ಮೇಲೆ ಮಂಜು, ಗಾಳಿ. ಹಾಗೆಯೇ ಇಳಿಯತೊಡಗಿದೆ. ನಾಲ್ಕನೆಯ ತಿರುವಿಗೆ ಬೆರಳು ಮರಗಟ್ಟಿ ಬ್ರೇಕ್ ಹಿಡಿಯಲು ಆಗಲಿಲ್ಲ, ಗೋಡೆಗೆ ಒರಗಿ ಸೈಕಲ್ ನಿಲ್ಲಿಸಿದೆ. ಅಂದು ಎದುರಿನಿಂದ ಗಾಡಿ ಬರಲಿಲ್ಲ ಎಂಬುದಷ್ಟೇ ನನ್ನ ಪುಣ್ಯ. ಮಳೆಯಲ್ಲಿ ನೆನೆಯುವುದರಿಂದ ಅಪಾಯವಿಲ್ಲ, ನೆನೆದ ಮೈಗೆ ಇಳಿಜಾರಿನ ಗಾಳಿ ಹೊಡೆಯುವುದರಿಂದ ಇದೆ.

ಆದ್ದರಿಂದ ಹತ್ತುವಾಗ ಜಾಕೆಟ್ ಚೀಲದಲ್ಲಿರಲಿ, ಮಳೆ ಬಂದರೆ ಬರಲಿ, ಮೈ ದುಡಿಯುತ್ತಿರುವಾಗ ಚಳಿಯಾಗದು. ಪ್ಲಾಸ್ಟಿಕ್‌ನಲ್ಲಿ ಸುತ್ತಿದ ಒಣ ಜೆರ್ಸಿ ಮತ್ತು ಪೂರ್ತಿ ಬೆರಳಿನ ಕೈಗವಸು ಇಟ್ಟುಕೊಳ್ಳಿ. ಮೇಲೆ ಹೋದ ಕೂಡಲೇ, ಪಿಠಲೆ ಭಾಕರಿ ತಿನ್ನಲು ಕೂರುವ ಮೊದಲೇ, ಒದ್ದೆಯದನ್ನು ಕಳಚಿ ಒಣಗಿದ್ದು ತೊಡಿ. ಇಳಿಯುವಾಗ ಕಂಕುಳ ಜಿಪ್ ಮುಚ್ಚಿ, ಮುಂಗೈ ಪಟ್ಟಿ ಬಿಗಿದು, ಜಾಕೆಟ್ಟನ್ನು ಕೊರಳವರೆಗೆ ಏರಿಸಿಕೊಳ್ಳಿ. ನಿಮ್ಮ ಗೆಳತಿಯರಿಗೂ ಇದನ್ನು ಹೇಳಿ.