ಕನ್ನಡ ಮೀಡಿಯಂ ಬಿ.ಎ. ಮುಗಿಸಿ ಎಂ.ಎ. ರಾಜ್ಯಶಾಸ್ತ್ರಕ್ಕೆ ಹೊರಗೆ ಅರ್ಜಿ ಹಾಕಬಹುದಾ?

ಹಾನಗಲ್ ಹುಡುಗಿ:

ಎಲ್ಲರಿಗೂ ನಮಸ್ಕಾರ ರೀ. ನಾನು ಹಾನಗಲ್ ತಾಲೂಕಿನವಳು. ಧಾರವಾಡದಲ್ಲಿ ಹಾಸ್ಟೆಲ್‌ನಲ್ಲಿದ್ದು ಬಿ.ಎ. ಕೊನೆ ವರ್ಷ ಓದುತ್ತಿದ್ದೇನೆ, ಇತಿಹಾಸ ಮತ್ತು ರಾಜ್ಯಶಾಸ್ತ್ರ. ಒಂದನೇ ಕ್ಲಾಸಿನಿಂದ ಇಲ್ಲಿವರೆಗೂ ಕನ್ನಡ ಮೀಡಿಯಂ.

ನಮ್ಮ ಸರ್ ಒಬ್ಬರು ಕರೆದು, ಸಿಯುಇಟಿ ಪಿಜಿ (ಕೇಂದ್ರೀಯ ವಿಶ್ವವಿದ್ಯಾಲಯಗಳ ಎಂ.ಎ. ಪ್ರವೇಶ ಪರೀಕ್ಷೆ) ಬರಿ, ಹೈದರಾಬಾದ್ ವಿಶ್ವವಿದ್ಯಾಲಯ ಅಥವಾ ದೆಹಲಿಯ ಜೆಎನ್‌ಯುಗೆ ಪ್ರಯತ್ನ ಮಾಡು ಅಂದರು. ಖುಷಿ ಆಯಿತು. ಆದರೆ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತದೆ ಅಂತ ಗೊತ್ತಾದ ಮೇಲೆ ನಿದ್ದೆ ಬರುತ್ತಿಲ್ಲ. ಸಾಮಾಜಿಕ ಒಪ್ಪಂದ ಅಂದರೆ ಅರ್ಧ ಗಂಟೆ ಮಾತಾಡುತ್ತೇನೆ, ಅದನ್ನೇ ಇಂಗ್ಲಿಷ್‌ನಲ್ಲಿ ಕೇಳಿದರೆ ಸುಮ್ನೆ ಕೂತುಬಿಡುತ್ತೇನೆ. ರೂಮಿನ ಗೆಳತಿಯರೆಲ್ಲ ಪಿಡಿಒ, ಪಿಎಸ್ಐ ಅಂತ ಸಪ್ತಾಪುರದಲ್ಲಿ ಕೋಚಿಂಗ್ ಸೇರಿದ್ದಾರೆ. ಅಪ್ಪನಿಗೆ ನಾಲ್ಕು ಎಕರೆ ಹೊಲ, ಗೋವಿನಜೋಳ ಬೆಳೆಯುತ್ತಾರೆ, ಬೇರೆ ಆದಾಯ ಇಲ್ಲ. ನನಗೆ ನಿಜವಾಗಿಯೂ ಓದುವ ಆಸೆ ಇದೆ. ಅರ್ಜಿ ಹಾಕಲಾ, ಅಥವಾ ಇಲ್ಲೇ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸೇರಿಕೊಳ್ಳಲಾ?

ಪಾವಟೆನಗರ:

ಎರಡೂ ಕಡೆ ಹಾಕಿ. ಒಂದು ಬಿಟ್ಟು ಇನ್ನೊಂದು ಅನ್ನುವ ಪ್ರಶ್ನೆಯೇ ಇಲ್ಲ. ಸಿಯುಇಟಿ ಪಿಜಿ ನಡೆಯುವುದು ಮಾರ್ಚ್ ಸುಮಾರಿಗೆ, ಕೊನೆ ವರ್ಷದಲ್ಲಿ ಓದುತ್ತಿರುವವರೂ ಬರೆಯಬಹುದು. ಇಲ್ಲಿ ಪಿಜಿ ಅಡ್ಮಿಷನ್ ಶುರುವಾಗುವುದು ಅದಕ್ಕಿಂತ ಬಹಳ ತಡವಾಗಿ, ಡಿಗ್ರಿ ರಿಸಲ್ಟ್ ಬಂದ ಮೇಲೆ, ರಾಜ್ಯದ ವಿಶ್ವವಿದ್ಯಾಲಯಗಳ ಯುಯುಸಿಎಂಎಸ್ ಪೋರ್ಟಲ್‌ನಲ್ಲಿ. ಹಾಗಾಗಿ ಒಂದಕ್ಕೊಂದು ಅಡ್ಡ ಬರುವುದಿಲ್ಲ.

ನಾನು ಇಲ್ಲೇ ಎಂ.ಎ. ಮಾಡಿದವನು, ಪರೀಕ್ಷೆ ಕನ್ನಡದಲ್ಲೇ ಬರೆದೆ. ಅದರ ಬಗ್ಗೆ ಬೇಸರ ಏನೂ ಇಲ್ಲ, ಒಳ್ಳೆ ಲೈಬ್ರರಿ ಸಿಕ್ಕಿತು, ಒಳ್ಳೆ ಮೇಷ್ಟ್ರು ಸಿಕ್ಕರು. ಆಮೇಲೆ ಕೆ-ಸೆಟ್ (ರಾಜ್ಯದಲ್ಲಿ ಕಾಲೇಜು ಮೇಷ್ಟ್ರಾಗಲು ಇರುವ ಅರ್ಹತಾ ಪರೀಕ್ಷೆ) ಕೂಡ ಪಾಸಾಯಿತು, ಅದರ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಇರುತ್ತದೆ. ಆದರೆ ದೇಶ ಮಟ್ಟದ ಅಂಥದ್ದೇ ಪರೀಕ್ಷೆ ನೆಟ್ ಬರೆಯಲು ಹೋದಾಗ ನೀವು ಈಗ ಹೇಳುತ್ತಿರುವ ಕಷ್ಟವೇ ನನಗೂ ಎದುರಾಯಿತು. ಅದೂ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ. ಅದರಲ್ಲಿ ಜೆಆರ್‌ಎಫ್ ಆದರೆ ಪಿಎಚ್‌ಡಿ ಮಾಡುವಾಗ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್ ಬರುತ್ತದೆ, ನಮ್ಮಂಥ ಮನೆಯವರಿಗೆ ಅದು ಸಣ್ಣ ಮಾತಲ್ಲ. ನನಗೆ ಅದು ತಪ್ಪಿಹೋಯಿತು. ಅಂದರೆ ಇಂಗ್ಲಿಷ್ ಓದುವ ಅಭ್ಯಾಸ ಇವತ್ತಲ್ಲ ನಾಳೆ ಬೇಕೇ ಬೇಕು. ಇವತ್ತೇ ಶುರು ಮಾಡಿ.

ಗದಗಿನ ಅಕ್ಕ:

ತಂಗಿ, ನಾನೂ ಕನ್ನಡ ಮೀಡಿಯಂ. ಗದಗಿನಲ್ಲಿ ಬಿ.ಎ. ಮುಗಿಸಿ ಈಗ ಹೈದರಾಬಾದ್‌ನಲ್ಲಿ ಎಂ.ಎ. ಎರಡನೇ ವರ್ಷದಲ್ಲಿದ್ದೇನೆ. ಮೊದಲು ಒಂದು ಮಾತು ಕೇಳು. ಆ ಪರೀಕ್ಷೆಯಲ್ಲಿ ನೀನು ಇಂಗ್ಲಿಷ್ ಬರೆಯಬೇಕಾಗಿಲ್ಲ, ಓದಿದರೆ ಸಾಕು. 75 ಪ್ರಶ್ನೆ, ನಾಲ್ಕು ಉತ್ತರ ಕೊಟ್ಟಿರುತ್ತಾರೆ, ಸರಿಯಾದದ್ದನ್ನು ಆರಿಸಬೇಕು. ಸರಿ ಉತ್ತರಕ್ಕೆ 4 ಅಂಕ, ತಪ್ಪಾದರೆ 1 ಅಂಕ ಕಳೆಯುತ್ತಾರೆ. ಪಾಶ್ಚಾತ್ಯ ರಾಜಕೀಯ ಚಿಂತನೆ, ಭಾರತದ ಚಿಂತಕರು, ಸಂವಿಧಾನ, ಅಂತರರಾಷ್ಟ್ರೀಯ ಸಂಬಂಧ, ಸಾರ್ವಜನಿಕ ಆಡಳಿತ, ಇದರಲ್ಲಿ ನೀನು ಓದದ್ದು ಯಾವುದಿದೆ ಹೇಳು? ವಿಷಯ ನಿನ್ನ ತಲೆಯಲ್ಲಿದೆ. ಹೆಸರು ಮಾತ್ರ ಬೇರೆ.

ನಾನು ಮಾಡಿದ್ದು ಇಷ್ಟೇ. ಒಂದು ಇನ್ನೂರು ಪೇಜಿನ ನೋಟ್‌ಬುಕ್ ತಗೊಂಡು ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್ ಬರೆಯುತ್ತಾ ಹೋದೆ. ಸಾರ್ವಭೌಮತ್ವ ಅಂದರೆ ಸಾವರಿನಿಟಿ, ಅಧಿಕಾರ ಪ್ರತ್ಯೇಕತೆ ಅಂದರೆ ಸೆಪರೇಷನ್ ಆಫ್ ಪವರ್ಸ್, ಹೀಗೆ. ದಿನಕ್ಕೆ ಹತ್ತು ಪದ. ಜೊತೆಗೆ ಎನ್‌ಸಿಇಆರ್‌ಟಿಯ 11 ಮತ್ತು 12ನೇ ತರಗತಿ ರಾಜ್ಯಶಾಸ್ತ್ರ ಪುಸ್ತಕ ಇಂಗ್ಲಿಷ್‌ನಲ್ಲಿ ಓದಿದೆ. ಭಾಷೆ ಸರಳ, ಪಿಡಿಎಫ್ ಪುಕ್ಕಟೆ ಸಿಗುತ್ತದೆ. ಮೊದಲ ಪಾಠಕ್ಕೆ ನನಗೆ ಮೂರು ದಿನ ಹಿಡಿಯಿತು, ಒಂದೊಂದು ಸಾಲಿಗೂ ಡಿಕ್ಷನರಿ ನೋಡುತ್ತಾ ಕಣ್ಣೀರು ಬಂದಿತ್ತು, ಆದರೆ ಆರನೇ ಪಾಠ ಒಂದೇ ಸಂಜೆಗೆ ಮುಗಿಯಿತು. ಅದು ಮುಗಿದ ಮೇಲೆ ಇಗ್ನೋ ಮುಕ್ತ ವಿಶ್ವವಿದ್ಯಾಲಯದವರ ಇ-ಜ್ಞಾನಕೋಶ ವೆಬ್‌ಸೈಟಿನಲ್ಲಿ ರಾಜ್ಯಶಾಸ್ತ್ರದ ಪಾಠಗಳಿವೆ, ಅವೂ ಪುಕ್ಕಟೆ. ಆಮೇಲೆ ಹಳೆ ಪ್ರಶ್ನೆಪತ್ರಿಕೆ. ಕೋಚಿಂಗಿಗೆ ಒಂದು ರೂಪಾಯಿ ಕೊಡಲಿಲ್ಲ.

ಇನ್ನೊಂದು ಮುಖ್ಯ ಮಾತು. ಸಿಯುಇಟಿ ಬರೆದು ಅಂಕ ಬಂದರೆ ಸೀಟು ತಾನಾಗೇ ಬರುವುದಿಲ್ಲ. ಜೆಎನ್‌ಯು, ಹೈದರಾಬಾದ್, ದೆಹಲಿ, ಪಾಂಡಿಚೇರಿ, ಪ್ರತಿಯೊಂದಕ್ಕೂ ಅವರವರ ವೆಬ್‌ಸೈಟಿನಲ್ಲಿ ಮತ್ತೆ ಬೇರೆ ರಿಜಿಸ್ಟ್ರೇಷನ್ ಮಾಡಬೇಕು. ನನ್ನ ಕ್ಲಾಸ್‌ಮೇಟ್ ಒಬ್ಬಳಿಗೆ ನನಗಿಂತ ಜಾಸ್ತಿ ಅಂಕ ಬಂದಿತ್ತು. ಇದು ಗೊತ್ತಿಲ್ಲದೆ ಮನೆಯಲ್ಲಿ ಕಾಯುತ್ತಾ ಕೂತಳು, ಒಂದು ವರ್ಷ ಹೋಯಿತು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಹಾನಗಲ್ ಹುಡುಗಿ:

ಅಕ್ಕಾ, ಬೇರೆ ರಿಜಿಸ್ಟ್ರೇಷನ್ ವಿಷಯ ನಮ್ಮ ಕಾಲೇಜಿನಲ್ಲಿ ಯಾರೂ ಹೇಳಿರಲಿಲ್ಲ. ಬಹಳ ಉಪಕಾರ ಆಯಿತು. ಸರ್ಟಿಫಿಕೇಟ್ ಏನೇನು ಬೇಕು? ನಾವು 3ಬಿ.

ಬ್ಯಾಡಗಿ ಅಣ್ಣ:

ಇಲ್ಲೇ ನಮ್ಮ ಕಡೆ ಹುಡುಗರು ಎಡವುವುದು. ನಾನೂ ಎಡವಿದೆ, ಆಗ ನನ್ನ ಕೈಯಲ್ಲಿದ್ದದ್ದು ರಾಜ್ಯದ ಸರ್ಟಿಫಿಕೇಟ್ ಮಾತ್ರ. 2ಎ, 3ಎ, 3ಬಿ ಎಲ್ಲ ಕರ್ನಾಟಕದ ಹಿಂದುಳಿದ ವರ್ಗಗಳ ಲೆಕ್ಕ. ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಅವು ನಡೆಯುವುದಿಲ್ಲ. ಕೇಂದ್ರದ ಒಬಿಸಿ ಪಟ್ಟಿ ಬೇರೆಯೇ ಇದೆ. ನಿಮ್ಮ ಜಾತಿ, ಉಪಜಾತಿ ಹೆಸರು ಅದರಲ್ಲಿ ಇದೆಯಾ ನೋಡಿಕೊಳ್ಳಿ. 3ಬಿಯಲ್ಲಿ ಇರುವ ಎಲ್ಲರೂ ಅದರಲ್ಲಿ ಇಲ್ಲ. ಇದ್ದರೆ ಕೇಂದ್ರದ ನಮೂನೆಯಲ್ಲಿ ಒಬಿಸಿ ನಾನ್ ಕ್ರೀಮಿ ಲೇಯರ್ (ಕೆನೆಪದರಕ್ಕೆ ಸೇರಿಲ್ಲ ಅನ್ನುವ) ಪತ್ರ ಮಾಡಿಸಿ.

ಇಲ್ಲದಿದ್ದರೆ ಇಡಬ್ಲ್ಯುಎಸ್ (ಆರ್ಥಿಕವಾಗಿ ಹಿಂದುಳಿದವರ ಮೀಸಲಾತಿ) ಪತ್ರ ಕೇಳಿ. ಮನೆ ಆದಾಯ ವರ್ಷಕ್ಕೆ 8 ಲಕ್ಷದ ಒಳಗಿರಬೇಕು, ಮತ್ತು ಹೊಲ 5 ಎಕರೆ ಅಥವಾ ಅದಕ್ಕಿಂತ ಜಾಸ್ತಿ ಇರಬಾರದು. ನಿಮ್ಮದು ನಾಲ್ಕು ಎಕರೆ ಅಂದಿರಲ್ಲ, ಆದರೆ ಅಜ್ಜನ ಹೆಸರಿನಲ್ಲಿ ಒಟ್ಟಿಗೆ ಇರುವ ಉತಾರ (ಪಹಣಿ) ಇದ್ದರೆ ಈಗಲೇ ನೋಡಿಕೊಳ್ಳಿ, ತಹಶೀಲ್ದಾರ್ ಕಚೇರಿಯಲ್ಲಿ ಪ್ರಶ್ನೆ ಬರುವುದೇ ಅಲ್ಲಿ. ಎರಡೂ ಪತ್ರ ಆಯಾ ವರ್ಷದ್ದೇ ಕೇಳುತ್ತಾರೆ, ಹಳೆಯದು ಇಟ್ಟುಕೊಂಡು ಕೂರಬೇಡಿ. ಇನ್ನೊಂದು, ಹತ್ತನೇ ಕ್ಲಾಸ್ ಮಾರ್ಕ್ಸ್ ಕಾರ್ಡ್ ಮತ್ತು ಆಧಾರ್‌ನಲ್ಲಿ ಹೆಸರಿನ ಸ್ಪೆಲಿಂಗ್ ಒಂದೇ ಇರಲಿ. ನಮ್ಮಲ್ಲಿ ಒಂದು ಕಡೆ ಇನಿಷಿಯಲ್, ಇನ್ನೊಂದು ಕಡೆ ಅಡ್ಡಹೆಸರು ಇರುತ್ತದಲ್ಲ, ಅದೇ ತೊಂದರೆ.

ಹುಬ್ಬಳ್ಳಿ ಮೇಷ್ಟ್ರು:

ಒಂದು ಮಾತು ಸೇರಿಸುತ್ತೇನೆ, 20 ವರ್ಷದಿಂದ ಈ ವಿಷಯ ಪಾಠ ಮಾಡುತ್ತಿರುವುದರಿಂದ. ಹೊರಗೆ ಹೋದ ನಮ್ಮ ಮಕ್ಕಳು ಕ್ಲಾಸಿನಲ್ಲಿ ಬಾಯಿ ಬಿಡಲು ಹೆದರುತ್ತಾರೆ. ಹೆದರಬೇಕಾಗಿಲ್ಲಮ್ಮ. ದೇಶದಲ್ಲಿ ಎಲ್ಲೇ ರಾಷ್ಟ್ರಪತಿ ಆಳ್ವಿಕೆ ಪಾಠ ಮಾಡಿದರೂ ರಾಜ್ಯ ಸರ್ಕಾರಗಳನ್ನು ವಜಾ ಮಾಡುವುದಕ್ಕೆ ಮಿತಿ ಹಾಕಿದ ಸುಪ್ರೀಂ ಕೋರ್ಟಿನ 1994ರ ಬೊಮ್ಮಾಯಿ ತೀರ್ಪು ಹೇಳದೆ ಮುಂದೆ ಹೋಗುವಂತಿಲ್ಲ. ಒಂಬತ್ತು ನ್ಯಾಯಮೂರ್ತಿಗಳ ಪೀಠ. ಆ ಎಸ್.ಆರ್. ಬೊಮ್ಮಾಯಿ ನಮ್ಮ ಹುಬ್ಬಳ್ಳಿಯಿಂದ ಆರಿಸಿ ಹೋದವರು, 1989ರಲ್ಲಿ ವಜಾ ಆದದ್ದು ಅವರು ಮುಖ್ಯಮಂತ್ರಿಯಾಗಿದ್ದ ಸರ್ಕಾರ. ಸಹಕಾರ ಚಳವಳಿ ಅಂದರೆ ಗದಗ ಪಕ್ಕದ ಕಣಗಿನಹಾಳ, 1905ರಲ್ಲೇ ಸಹಕಾರ ಸಂಘ ಶುರುವಾದ ಊರು. ರಾಜ್ಯಗಳ ನಡುವಿನ ನೀರಿನ ಜಗಳ ಅಂದರೆ ಮಹದಾಯಿ ನದಿ, ನರಗುಂದ ನವಲಗುಂದದ ರೈತರು ರಸ್ತೆಯಲ್ಲಿ ಕೂತದ್ದನ್ನು ನೀವೆಲ್ಲ ಕಂಡವರೇ.

ಎಂ.ಎ. ಆದ ಮೇಲೆ ಪಿಎಚ್‌ಡಿಗೆ ಅರ್ಜಿ ಹಾಕುವಾಗ ಏನು ಸಂಶೋಧನೆ ಮಾಡುತ್ತೀರಿ ಅಂತ ಬರೆದು ಕೊಡಬೇಕಾಗುತ್ತದೆ. ಆಗ ಎಲ್ಲರೂ ಬರೆಯುವ ದೊಡ್ಡ ದೊಡ್ಡ ಮಾತು ಬೇಡ. ನಿಮ್ಮೂರ ಗ್ರಾಮ ಪಂಚಾಯಿತಿಯಲ್ಲಿ ಮಹಿಳಾ ಸದಸ್ಯರ ಬದಲು ಅವರ ಗಂಡಂದಿರು ಕೂತದ್ದನ್ನು ನೋಡಿದ್ದರೆ, ಅದನ್ನೇ ಬರೆಯಿರಿ. ಈಗಿನಿಂದಲೇ ಗ್ರಾಮಸಭೆಗೆ ಹೋಗಿ, ನೋಡಿದ್ದನ್ನು ದಿನಾಂಕ ಹಾಕಿ ಬರೆದಿಡಿ.

ಹಾನಗಲ್ ಹುಡುಗಿ:

ಸರ್, ನಮ್ಮ ಪಂಚಾಯಿತಿಯಲ್ಲಿ ನಮ್ಮ ಚಿಗವ್ವನೇ ಸದಸ್ಯೆ. ಸಭೆಗೆ ಹೋಗುವುದು ಕಾಕಾ. ಇದೂ ಓದುವ ವಿಷಯ ಅಂತ ನನಗೆ ಯಾವತ್ತೂ ಅನಿಸಿರಲಿಲ್ಲ. ಶನಿವಾರ ಊರಿಗೆ ಹೋಗುತ್ತಿದ್ದೇನೆ. ಉತಾರ ಯಾರ ಹೆಸರಿನಲ್ಲಿದೆ ಅಂತ ಅಪ್ಪನಿಗೆ ಫೋನ್ ಮಾಡಿದೆ, ಇನ್ನೂ ಅಜ್ಜನ ಹೆಸರಿನಲ್ಲೇ ಇದೆಯಂತೆ. ಬ್ಯಾಡಗಿ ಅಣ್ಣಾ, ಹಾಗಿದ್ದರೆ ಮೊದಲು ಎಲ್ಲಿಗೆ ಹೋಗಬೇಕು?

ಬ್ಯಾಡಗಿ ಅಣ್ಣ:

ಮೊದಲು ಗ್ರಾಮ ಆಡಳಿತ ಅಧಿಕಾರಿ (ಮೊದಲು ಗ್ರಾಮ ಲೆಕ್ಕಾಧಿಕಾರಿ ಅನ್ನುತ್ತಿದ್ದರು) ಹತ್ತಿರ ಹೋಗಿ, ಪೌತಿ ಖಾತೆ, ಅಂದರೆ ತೀರಿಕೊಂಡವರ ಹೊಲ ವಾರಸುದಾರರ ಹೆಸರಿಗೆ ಮಾಡಿಸುವುದರ ಬಗ್ಗೆ ಕೇಳಿ. ಅಜ್ಜನ ಮರಣ ಪತ್ರ, ವಂಶಾವಳಿ, ಎಲ್ಲರ ಆಧಾರ್ ಜೆರಾಕ್ಸ್ ಜೊತೆಗಿರಲಿ. ದೊಡ್ಡಪ್ಪ, ಕಾಕಾ ಇದ್ದರೆ ಅವರನ್ನೂ ಕರೆದುಕೊಂಡು ಹೋಗಿ. ಇದಕ್ಕೆ ದಿನ ಹಿಡಿಯುತ್ತದೆ, ಅದಕ್ಕೇ ಶನಿವಾರದ ಬದಲು ಶುಕ್ರವಾರವೇ ಬಸ್ ಹತ್ತಿ, ಕಚೇರಿ ತೆರೆದಿರುತ್ತದೆ.